ರಕ್ತ ಎಲ್ಲಿಗೆ ಎಷ್ಟು ಹೋಗಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?

ದೊಡ್ಡವರ ಮೈಯಲ್ಲಿರುವ ರಕ್ತ ಸುಮಾರು 5 ಲೀಟರ್. ಅಷ್ಟೇ. ಸುಮ್ನೆ ಕೂತಿದ್ದಾಗ ಹೃದಯ ಒಂದು ನಿಮಿಷಕ್ಕೆ ತಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಇದ್ದಬದ್ದ ರಕ್ತವೆಲ್ಲ ನಿಮಿಷಕ್ಕೊಂದು ಸಲ ಮೈ ಸುತ್ತಿ ಬರುತ್ತದೆ. ಆದರೆ ರಕ್ತನಾಳಗಳೆಲ್ಲ ಒಂದೇ ಸಲಕ್ಕೆ ಪೂರ್ತಿ ತೆರೆದುಕೊಂಡರೆ ಈ 5 ಲೀಟರ್ ಯಾವ ಮೂಲೆಗೂ ಸಾಲದು. ಒತ್ತಡ ಕುಸಿದು ಮನುಷ್ಯ ನಿಂತಲ್ಲೇ ಬೀಳುತ್ತಾನೆ.

ಶಿರಸಿ ಕಡೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಇದು ಬೇಗ ಹೊಳೆಯುತ್ತದೆ. ಮೋಟಾರು ಒಂದು, ಲೈನು ಹಲವು. ಎಲ್ಲ ವಾಲ್ವ್ ಒಟ್ಟಿಗೆ ತೆರೆದರೆ ಮೇಲಿನ ಲೈನಿಗೆ ನೀರು ಏರುವುದೇ ಇಲ್ಲ. ಅದಕ್ಕೆ ಒಂದನ್ನು ತೆರೆದರೆ ಇನ್ನೊಂದನ್ನು ಮುಚ್ಚಬೇಕು. ಮೈಯಲ್ಲೂ ಹಾಗೇ. ವ್ಯತ್ಯಾಸ ಏನೆಂದರೆ ಇಲ್ಲಿ ವಾಲ್ವ್ ತಿರುಗಿಸಲು ಯಾರೂ ತೋಟದ ತುಂಬ ಓಡಾಡಬೇಕಿಲ್ಲ. ತನ್ನ ಮರಕ್ಕೆ ನೀರು ಸಾಲುತ್ತಿಲ್ಲ ಅಂತ ವಾಲ್ವಿಗೇ ಗೊತ್ತಾಗಿ, ಅದೇ ತೆರೆದುಕೊಳ್ಳುತ್ತದೆ.

ಈ ಕೊನೆಯ ಮಾತು ನನಗೆ ಬಹಳ ಮುಖ್ಯ. ಮಿದುಳು ಎಲ್ಲವನ್ನೂ ಆಳುತ್ತದೆ, ಅದು ಹೇಳಿದ ಕಡೆ ರಕ್ತ ಹೋಗುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ನಿಜ ಹಾಗಿಲ್ಲ. ಒಟ್ಟು ಒತ್ತಡ ಬೀಳದಂತೆ ಕಾಯುವುದು ಮಿದುಳಿನ ಕೆಲಸ. ಎಲ್ಲಿಗೆ ಎಷ್ಟು ಅನ್ನುವ ಹಂಚಿಕೆ ಬಹುಪಾಲು ಆಯಾ ಜಾಗದಲ್ಲೇ ನಡೆಯುತ್ತದೆ. ಇವೆರಡೂ ಬೇರೆ ಬೇರೆ ಕೆಲಸ ಅಂತ ಒಮ್ಮೆ ತಿಳಿದರೆ ಎದ್ದು ನಿಂತಾಗ ತಲೆ ತಿರುಗುವುದು, ಬಿಪಿ ಗುಳಿಗೆಯಿಂದ ಕಾಲು ಊದುವುದು, ಎಲ್ಲಕ್ಕೂ ಅರ್ಥ ಸಿಗುತ್ತದೆ.

ಮೊದಲು ಆ ವಾಲ್ವ್ ಯಾವುದು ಅಂತ ನೋಡೋಣ. ಹೃದಯದಿಂದ ಹೊರಡುವ ಮಹಾಧಮನಿ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲ. ಅದು ಕವಲೊಡೆಯುತ್ತಾ ಹೋಗಿ ಕೊನೆಗೆ ಕೂದಲೆಳೆಯಷ್ಟು, ಅದಕ್ಕಿಂತಲೂ ಸಣ್ಣ ಕಿರುಧಮನಿಗಳಾಗುತ್ತದೆ. ಅಲ್ಲಿಂದ ಮುಂದೆ ಲೋಮನಾಳ, ಅಂದರೆ ಕೋಶಗಳ ಪಕ್ಕಕ್ಕೇ ರಕ್ತ ಮುಟ್ಟಿಸುವ ಅತಿ ತೆಳು ನಾಳ. ಒತ್ತಡ ಜಾಸ್ತಿ ಇಳಿಯುವುದು ಈ ಕಿರುಧಮನಿಗಳಲ್ಲೇ. ಬಿಪಿ ಅಳೆಯುವ ಲೆಕ್ಕದಲ್ಲೇ (mmHg) ಹೇಳುವುದಾದರೆ, ದೊಡ್ಡ ಧಮನಿಯಲ್ಲಿ ಸರಾಸರಿ 90ರ ಆಸುಪಾಸು ಇದ್ದ ಒತ್ತಡ ಲೋಮನಾಳದ ಬಾಯಿಗೆ ಬರುವಾಗ 35ರ ಹತ್ತಿರ ಇರುತ್ತದೆ. ಕಿರುಧಮನಿಯ ಗೋಡೆಯಲ್ಲಿ ಸ್ನಾಯುವಿನ ಕೋಶಗಳು ಉಂಗುರದ ಹಾಗೆ ಸುತ್ತಿಕೊಂಡಿರುತ್ತವೆ. ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಾದರೆ ಉಂಗುರ ಬಿಗಿಯುತ್ತದೆ, ಇಳಿದರೆ ಸಡಿಲವಾಗುತ್ತದೆ. ಇದು ಪೂರ್ತಿ ಸಡಿಲ ಆಗಿರುವುದು ತೀರಾ ಕಡಿಮೆ. ಯಾವಾಗಲೂ ಅರ್ಧಂಬರ್ಧ ಬಿಗಿದುಕೊಂಡೇ ಇರುತ್ತದೆ. ಡಾಕ್ಟರುಗಳು ನಾಳದ ಟೋನ್ ಅನ್ನುವುದು ಇದಕ್ಕೇ. ಅರ್ಧ ಬಿಗಿದಿದ್ದರೆ ತಾನೇ ಬೇಕಾದಾಗ ಇನ್ನಷ್ಟು ಬಿಗಿಯುವುದಕ್ಕೂ ಆಗುತ್ತದೆ, ಸಡಿಲ ಬಿಡುವುದಕ್ಕೂ ಆಗುತ್ತದೆ.

ಇಲ್ಲೊಂದು ಲೆಕ್ಕವಿದೆ. ಪ್ವಾಸೇಯ್ ಅಂತ ಫ್ರಾನ್ಸಿನ ವೈದ್ಯರೊಬ್ಬರು 1840ರ ದಶಕದಲ್ಲಿ ಸಣ್ಣ ಗಾಜಿನ ನಳಿಗೆಗಳಲ್ಲಿ ದ್ರವ ಹರಿಸಿ ಅಳೆದರು. ಹರಿವು ನಳಿಗೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ ಅಂತ ತೋರಿಸಿದರು. ಅಂದರೆ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ ಒಂದು ಪಾಲಾಗುತ್ತದೆ. ಹಿಂದುಮುಂದು ಮಾಡಿ ನೋಡಿ: ತ್ರಿಜ್ಯ ಶೇಕಡಾ 19ರಷ್ಟು ಹಿಗ್ಗಿದರೆ ಸಾಕು, ಹರಿವು ಎರಡು ಪಟ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಉಂಗುರ ಕೂದಲಿನ ಒಂದು ಸಣ್ಣ ಪಾಲಿನಷ್ಟು ಸಡಿಲ ಬಿಟ್ಟರೂ ಮುಂದಿನ ಕೋಶಗಳಿಗೆ ಎರಡರಷ್ಟು ರಕ್ತ ಸಿಗುತ್ತದೆ ಅಂದರೆ, ಮೈ ಯಾಕೆ ಈ ಉಂಗುರಗಳ ಕೈಗೇ ಹಂಚಿಕೆಯನ್ನು ಕೊಟ್ಟಿದೆ ಅಂತ ಅರ್ಥವಾಗುತ್ತದೆ ಅಲ್ವಾ?

ಈಗ ಉಂಗುರಕ್ಕೆ ಸುದ್ದಿ ಮುಟ್ಟುವುದು ಹೇಗೆ? ದಾರಿ ಒಂದಲ್ಲ, ಹಲವು. ಅತಿ ಸರಳವಾದದ್ದು ಕೆಲಸ ಮಾಡುವ ಕೋಶವೇ ಕಳಿಸುವ ಸುದ್ದಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುವುದನ್ನು ನೋಡಿ. ತೊಡೆ, ಮೀನಖಂಡ, ತೋಳು ಎಲ್ಲ ಒಟ್ಟಿಗೆ ದುಡಿಯುತ್ತವೆ. ದುಡಿಯುವ ಸ್ನಾಯು ಆಮ್ಲಜನಕವನ್ನು ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡ್, ಅಡೆನೋಸಿನ್, ಪೊಟ್ಯಾಸಿಯಂ, ಆಮ್ಲದ ಅಂಶ ಎಲ್ಲವನ್ನೂ ಅಕ್ಕಪಕ್ಕಕ್ಕೆ ಬಿಡುತ್ತದೆ. ಪಕ್ಕದ ಕಿರುಧಮನಿಗೆ ಅದು ತಾಗಿದ ಕೂಡಲೇ ಉಂಗುರ ಸಡಿಲ. ಆ ಕಸ ತೊಳೆದುಹೋಗುವಷ್ಟು ರಕ್ತ ಬಂದರೆ ಮತ್ತೆ ಬಿಗಿ. ಯಾರನ್ನೂ ಕೇಳಬೇಕಿಲ್ಲ. ಸುಮ್ನೆ ಕೂತಾಗ ಮೈಯ ಸ್ನಾಯುಗಳಿಗೆಲ್ಲ ಸೇರಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ರಕ್ತ ಸಾಕು. ಚೆನ್ನಾಗಿ ಪಳಗಿದ ದೇಹ ಜೋರಾಗಿ ದುಡಿಯುವಾಗ ಅದೇ ನಿಮಿಷಕ್ಕೆ 20 ಲೀಟರಿನವರೆಗೂ ಏರಬಹುದು; ಇರುವ 5 ಲೀಟರನ್ನೇ ಹೃದಯ ಆಗ ನಿಮಿಷಕ್ಕೆ ಹಲವು ಸಲ ಸುತ್ತಿಸುತ್ತದೆ.

ಇದನ್ನು ನಿಮ್ಮ ಕಾಲಲ್ಲೇ ನೋಡಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿ ಎದ್ದಾಗ, ನೆಲಕ್ಕೆ ಒತ್ತಿಕೊಂಡಿದ್ದ ಕಾಲುಗಂಟಿನ ಹತ್ತಿರ ಚರ್ಮ ಮೊದಲು ಬಿಳಚಿಕೊಂಡಿರುತ್ತದೆ. ಒಂದೆರಡು ಕ್ಷಣಕ್ಕೆ ಕೆಂಪಾಗುತ್ತದೆ, ಉಳಿದ ಚರ್ಮಕ್ಕಿಂತ ಜಾಸ್ತಿ ಕೆಂಪು. ಒತ್ತಿದ್ದಷ್ಟು ಹೊತ್ತು ರಕ್ತ ಸಿಗದೆ ಅಲ್ಲಿ ಕಸ ಸೇರಿ ಉಂಗುರಗಳೆಲ್ಲ ಸಡಿಲವಾಗಿದ್ದವು. ಒತ್ತು ತೆಗೆದ ಕೂಡಲೇ ರಕ್ತ ನುಗ್ಗಿತು. ಬಾಕಿ ತೀರಿದ ಮೇಲೆ ಬಣ್ಣ ತಾನಾಗೇ ಇಳಿಯುತ್ತದೆ.

ಎರಡನೇ ದಾರಿ ನಾಳದ ಸ್ನಾಯುವಿನದೇ ಸ್ವಭಾವ. ಒಳಗಿಂದ ಒತ್ತಡ ಹೆಚ್ಚಿ ಗೋಡೆ ಹಿಗ್ಗಿದರೆ ಅದು ಹಿಗ್ಗಿಕೊಂಡು ಸುಮ್ಮನಿರುವುದಿಲ್ಲ, ತಿರುಗಿ ಬಿಗಿಯುತ್ತದೆ. ಒತ್ತಡ ಇಳಿದರೆ ಸಡಿಲ ಬಿಡುತ್ತದೆ. ಇಂಗ್ಲೆಂಡಿನ ವಿಲಿಯಂ ಬೇಲಿಸ್ 1902ರಲ್ಲೇ ಇದನ್ನು ವಿವರಿಸಿದ್ದರು. ನರದ ಸಂಪರ್ಕ ಕಡಿದರೂ ಇದು ನಡೆಯುತ್ತದೆ. ಮಿದುಳು ಮತ್ತು ಮೂತ್ರಪಿಂಡದಲ್ಲಿ ಈ ಗುಣ ತುಂಬಾ ಗಟ್ಟಿ. ಆರೋಗ್ಯವಂತರಲ್ಲಿ ಸರಾಸರಿ ಒತ್ತಡ ಸುಮಾರು 60ರಿಂದ 150ರ ನಡುವೆ ಎಲ್ಲೇ ಇದ್ದರೂ ಮಿದುಳಿಗೆ ಹೋಗುವ ರಕ್ತ ಹೆಚ್ಚು ಬದಲಾಗುವುದಿಲ್ಲ ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ಅದಕ್ಕೇ, ಹಬ್ಬದೂಟ ಮಾಡಿ ಕಣ್ಣು ಎಳೆಯುವಾಗ 'ರಕ್ತವೆಲ್ಲ ಹೊಟ್ಟೆಗೆ ಹೋಯಿತು, ತಲೆಗೆ ಕಡಿಮೆಯಾಯಿತು' ಅನ್ನುವ ಮಾತು ಸರಿಯಲ್ಲ. ಹೊಟ್ಟೆಗೆ ರಕ್ತ ಜಾಸ್ತಿ ಹೋಗುವುದು ನಿಜ, ಆದರೆ ಮಿದುಳು ತನ್ನ ಪಾಲು ಬಿಟ್ಟುಕೊಡುವುದಿಲ್ಲ. ವಯಸ್ಸಾದವರಲ್ಲಿ ಮಾತ್ರ ಊಟದ ನಂತರ ಬಿಪಿ ಸ್ವಲ್ಪ ಇಳಿದು ತಲೆ ತಿರುಗುವುದುಂಟು.

ಮೂರನೆಯದು ನನಗೆ ಅತಿ ಇಷ್ಟವಾದ ಕಥೆ. ನಾಳದ ಒಳಮೈಗೆ ಒಂದೇ ಕೋಶದಷ್ಟು ದಪ್ಪದ ಪದರ ಇದೆ, ಎಂಡೋಥೀಲಿಯಂ. ಬಹಳ ಕಾಲ ಇದು ಬರೀ ಅಸ್ತರಿ ಅಂತಲೇ ವಿಜ್ಞಾನಿಗಳು ಅಂದುಕೊಂಡಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿದರೆ ಕೆಲವು ತುಂಡು ಸಡಿಲವಾಗುತ್ತಿದ್ದವು, ಕೆಲವು ಬಿಗಿಯುತ್ತಿದ್ದವು. ಒಂದೇ ಔಷಧ, ಒಂದೇ ನಾಳ, ಎರಡು ತದ್ವಿರುದ್ಧ ಉತ್ತರ. ಕಾರಣ ಹುಡುಕುತ್ತಾ ಹೋದಾಗ ಗೊತ್ತಾದದ್ದು ಇದು: ತುಂಡನ್ನು ತಯಾರು ಮಾಡುವಾಗ ಒಳಮೈ ಉಜ್ಜಿಹೋಗಿದ್ದರೆ ಸಡಿಲವಾಗುವುದಿಲ್ಲ. ಒಳಪದರ ಹಾಗೇ ಉಳಿದಿದ್ದರೆ ಸಡಿಲವಾಗುತ್ತದೆ. ಅಲ್ಲಿಗೆ ನಿಲ್ಲದೆ ಅವರು ಒಂದು ಸೊಗಸಾದ ಪರೀಕ್ಷೆ ಮಾಡಿದರು. ಒಳಪದರ ತೆಗೆದ ತುಂಡಿನ ಮೇಲೆ ಒಳಪದರ ಇರುವ ಇನ್ನೊಂದು ತುಂಡನ್ನು ಮುಖಕ್ಕೆ ಮುಖ ಇಟ್ಟು ಜೋಡಿಸಿದರು. ಈಗ ಅಸಿಟೈಲ್‌ಕೋಲಿನ್ ಹಾಕಿದರೆ ಪದರವಿಲ್ಲದ ತುಂಡೂ ಸಡಿಲವಾಯಿತು! ಅಂದರೆ ಒಳಪದರದಿಂದ ಏನೋ ಹೊರಟು ಸ್ನಾಯುವಿಗೆ ಮುಟ್ಟುತ್ತಿದೆ. 1980ರಲ್ಲಿ ಇದು ಪ್ರಕಟವಾಯಿತು. ಆ 'ಏನೋ' ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಆ ದಶಕದ ಕೊನೆಯೊಳಗೆ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿದ್ ಮುರಾದ್ ಮೂವರಿಗೆ ನೊಬೆಲ್ ಬಂತು.

ಈ ಅನಿಲ ಬದುಕುವುದು ಕೆಲವೇ ಸೆಕೆಂಡು. ಅಷ್ಟೇ ಸಾಕು, ಪಕ್ಕದ ಸ್ನಾಯುಕೋಶಕ್ಕೆ ದಾಟಿ ಅದನ್ನು ಸಡಿಲ ಮಾಡುವುದಕ್ಕೆ. ರಕ್ತ ಜೋರಾಗಿ ಹರಿದು ಒಳಪದರವನ್ನು ಸವರಿಕೊಂಡು ಹೋದಷ್ಟೂ ಅದು ಜಾಸ್ತಿ ನೈಟ್ರಿಕ್ ಆಕ್ಸೈಡ್ ಮಾಡುತ್ತದೆ. ಹಾಗಾಗಿ ಕೆಳಗಿನ ಕಿರುಧಮನಿ ತೆರೆದು ಹರಿವು ಹೆಚ್ಚಿದರೆ ಮೇಲಿನ ದೊಡ್ಡ ನಾಳವೂ ತಾನಾಗಿ ಹಿಗ್ಗುತ್ತದೆ. ಇದೇ ಪದರ ಬಿಗಿಸುವ ವಸ್ತುವನ್ನೂ ಮಾಡುತ್ತದೆ. ಅದರ ಹೆಸರು ಎಂಡೋಥೆಲಿನ್, ಜಪಾನಿನ ವಿಜ್ಞಾನಿಗಳು 1988ರಲ್ಲಿ ಕಂಡುಹಿಡಿದದ್ದು. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ವರ್ಷಗಟ್ಟಲೆ ಏರಿದ ಬಿಪಿ ಇವೆಲ್ಲ ಮೊದಲು ಹಾಳು ಮಾಡುವುದು ಈ ತೆಳ್ಳನೆ ಪದರವನ್ನೇ. ರಕ್ತನಾಳ ಕಟ್ಟಿಕೊಳ್ಳುವುದಕ್ಕೆ ಎಷ್ಟೋ ಮುಂಚೆಯೇ ಅದು ಸಡಿಲವಾಗುವುದನ್ನು ಮರೆತಿರುತ್ತದೆ. ಜನ ಬ್ಲಾಕೇಜ್ ಬಗ್ಗೆ ಮಾತಾಡಿದಷ್ಟು ಇದರ ಬಗ್ಗೆ ಮಾತಾಡುವುದಿಲ್ಲ ಅನ್ನುವುದು ನನ್ನ ಬೇಸರ.

ಸರಿ, ಹಂಚಿಕೆ ಆಯಾ ಜಾಗದ್ದು. ಹಾಗಾದರೆ ಮಿದುಳಿನ ಪಾತ್ರ ಏನು? ಎಲ್ಲರೂ ತಮಗೆ ಬೇಕು ಅಂತ ತೆರೆದುಕೊಂಡರೆ ಒತ್ತಡ ಬೀಳುತ್ತದೆ ಅಂದೆನಲ್ಲ, ಅದನ್ನು ತಡೆಯುವುದು. ಕತ್ತಿನ ಎರಡೂ ಬದಿಯ ಧಮನಿಯಲ್ಲಿ ಮತ್ತು ಮಹಾಧಮನಿಯ ಬಾಗಿನಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ನೀವು ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಆ ತುದಿಗಳು ಕೂಡಲೇ ಮಿದುಳಿನ ಬುಡಕ್ಕೆ ತಿಳಿಸುತ್ತವೆ. ಅಲ್ಲಿಂದ ಸಿಂಪಥೆಟಿಕ್ ನರಗಳ (ನಮ್ಮ ಇಚ್ಛೆಗೆ ಕಾಯದೆ ತಾವಾಗೇ ಕೆಲಸ ಮಾಡುವ ನರಗಳು) ಮೂಲಕ ಅಪ್ಪಣೆ ಹೊರಡುತ್ತದೆ: ಹೃದಯ ಬೇಗ ಬಡಿಯಲಿ, ಕರುಳು, ಚರ್ಮ, ಸ್ನಾಯುವಿನ ಉಂಗುರಗಳು ಬಿಗಿಯಲಿ, ರಕ್ತವನ್ನು ಹೃದಯಕ್ಕೆ ಮರಳಿಸುವ ಸಿರೆಗಳೂ ಬಿಗಿದು ಅದನ್ನು ಮೇಲಕ್ಕೆ ಕಳಿಸಲಿ. ಕೆಲವೇ ಸೆಕೆಂಡುಗಳ ಕೆಲಸ. ಅದು ತಡವಾದರೆ ಕಣ್ಣು ಕತ್ತಲೆ ಬರುತ್ತದೆ. ನರದ ತುದಿಯಿಂದ ಹೊರಡುವ ರಾಸಾಯನಿಕ ನಾರ್‌ಅಡ್ರಿನಲಿನ್. ಈ ನರಗಳು ಸದಾ ನಾಳವನ್ನು ಹಿಡಿದಿಟ್ಟಿರುತ್ತವೆ ಅನ್ನುವುದರ ಮೊದಲ ಸುಳಿವು ಕೊಟ್ಟವರಲ್ಲಿ ಒಬ್ಬರು ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್, 1851ರಲ್ಲಿ. ಮೊಲದ ಕತ್ತಿನ ಒಂದು ಬದಿಯ ನರ ಕತ್ತರಿಸಿದಾಗ ಆ ಬದಿಯ ಕಿವಿ ಕೆಂಪಾಗಿ ಬೆಚ್ಚಗಾಯಿತು.

ಕೊನೆಗೌಡನ ವಿಷಯಕ್ಕೆ ಇದನ್ನು ಸೇರಿಸಿ ನೋಡಿ. ಮರ ಹತ್ತುವಾಗ ಸಿಂಪಥೆಟಿಕ್ ಅಪ್ಪಣೆ ಇಡೀ ಮೈಗೆ ಹೋಗುತ್ತದೆ, ಎಲ್ಲ ಬಿಗಿಯಿರಿ ಅಂತ. ಕರುಳು, ಮೂತ್ರಪಿಂಡ ಕೇಳುತ್ತವೆ. ದುಡಿಯುತ್ತಿರುವ ತೊಡೆ ಕೇಳುವುದಿಲ್ಲ, ಅಲ್ಲಿ ಸೇರಿದ ಅಡೆನೋಸಿನ್, ಪೊಟ್ಯಾಸಿಯಂ, ನೈಟ್ರಿಕ್ ಆಕ್ಸೈಡ್ ಆ ಅಪ್ಪಣೆಯನ್ನು ಮೀರಿಸುತ್ತವೆ. ರಕ್ತ ಬೇಕಾದ ಕಡೆಗೇ ಹೋಗುತ್ತದೆ, ಒತ್ತಡವೂ ಬೀಳುವುದಿಲ್ಲ.

ಅಪ್ಪಣೆ ಅತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಕೆಂಪು ಚೇಳಿನ ವಿಷಕ್ಕಿಂತ ಭಯಂಕರ ಉದಾಹರಣೆ ಬೇಡ. ಕಾರವಾರ ದಾಟಿ, ಗೋವಾ ದಾಟಿ ಕೊಂಕಣ ಪಟ್ಟಿಯಲ್ಲೇ ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ ಸಿಗುತ್ತದೆ. ಅಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಚೇಳು ಕಚ್ಚಿದ ಮಕ್ಕಳು, ರೈತರು ಕಣ್ಣೆದುರೇ ಸಾಯುವುದನ್ನು ನೋಡಿದವರು. ಆ ವಿಷ ನಾರ್‌ಅಡ್ರಿನಲಿನ್ ಮತ್ತು ಅಡ್ರಿನಲಿನ್ ಅನ್ನು ಒಮ್ಮೆಗೇ ಸುರಿಸಿಬಿಡುತ್ತದೆ. ಮೈಯೆಲ್ಲದ ಕಿರುಧಮನಿ ಬಿಗಿದು, ಅದರ ಎದುರು ತಳ್ಳಲಾರದೆ ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅವರು ಬಳಸಿದ್ದು ಪ್ರಜೋಸಿನ್, ಬಿಪಿಗೆಂದು ಇದ್ದ ಅಗ್ಗದ ಗುಳಿಗೆ. ನಾರ್‌ಅಡ್ರಿನಲಿನ್ ಹೋಗಿ ಕೂರುವ ಜಾಗವನ್ನೇ ಅದು ಮುಚ್ಚುತ್ತದೆ. 1980ರ ದಶಕದಿಂದ ಈ ಚಿಕಿತ್ಸೆಯಿಂದ ಸಾವು ಬಹಳ ಕಡಿಮೆಯಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾಳದ ಬಿಗಿತ ಅನ್ನುವುದು ಪರೀಕ್ಷೆಗೆ ಓದುವ ವಿಷಯ ಮಾತ್ರ ಅಲ್ಲ ಅಂತ ಯಾರಿಗಾದರೂ ಹೇಳಬೇಕಾದರೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಚರ್ಮದ ಮಾತು ಬೇರೆ. ಅಲ್ಲಿ ನರದ ಅಪ್ಪಣೆಯೇ ಜಾಸ್ತಿ ನಡೆಯುತ್ತದೆ, ಯಾಕೆಂದರೆ ಚರ್ಮದ ರಕ್ತ ಮೈಯ ಬಿಸಿಯನ್ನು ಹದದಲ್ಲಿ ಇಡುವುದಕ್ಕೂ ಬೇಕು. ಕಾರವಾರದ ಬೈತಕೋಲ್ ಬಂದರಿನಲ್ಲಿ ಬಂಗಡೆ ಬುಟ್ಟಿಗೆ ಐಸ್ ಸುರಿದು ಬರಿಗೈಯಲ್ಲಿ ಕಲಸುವ ಹೆಂಗಸರ ಬೆರಳು ಗಮನಿಸಿ. ಕೈ ಹಾಕಿದ ಕೂಡಲೇ ಬೆರಳ ತುದಿ ಬಿಳಚುತ್ತದೆ, ನೋಯುತ್ತದೆ. ಬಿಸಿ ಹೊರಹೋಗದಿರಲಿ ಅಂತ ನಾಳ ಮುಚ್ಚಿದ್ದು ಅದು. ಐದು-ಹತ್ತು ನಿಮಿಷ ಐಸಿನಲ್ಲೇ ಇದ್ದರೆ ಅದೇ ಬೆರಳು ಕೆಂಪಾಗುತ್ತದೆ, ನೋವು ಇಳಿಯುತ್ತದೆ. ತೀರಾ ತಣ್ಣಗಾದ ಮೇಲೆ ನರದ ತುದಿ ನಾರ್‌ಅಡ್ರಿನಲಿನ್ ಬಿಡುವುದು ನಿಲ್ಲುತ್ತದೆ, ಉಂಗುರ ಸಡಿಲವಾಗಿ ಬಿಸಿ ರಕ್ತ ನುಗ್ಗುತ್ತದೆ. ಬೆರಳು ಬೆಚ್ಚಗಾದ ಮೇಲೆ ನರ ಮತ್ತೆ ಎಚ್ಚೆತ್ತು ಮುಚ್ಚುತ್ತದೆ. ಹೀಗೆ ಮುಚ್ಚು-ತೆರೆ ನಡೆಯುತ್ತಲೇ ಇರುತ್ತದೆ. ಲಂಡನ್ನಿನ ಥಾಮಸ್ ಲೂಯಿಸ್ 1930ರಲ್ಲಿ ಇದನ್ನು ವಿವರಿಸಿದರು. ದಿನವೂ ತಣ್ಣನೆ ಮೀನು ಹಿಡಿಯುವವರ ಕೈ ಇದಕ್ಕೆ ಹೊಂದಿಕೊಂಡಿರುತ್ತದೆ ಅಂತ ಬ್ರಿಟನ್ನಿನ ಮೀನು ಕತ್ತರಿಸುವ ಕೆಲಸಗಾರರ ಮೇಲೆ ನಡೆದ ಒಂದು ಅಧ್ಯಯನ 1962ರಲ್ಲಿ ಪ್ರಕಟವಾಗಿತ್ತು. ಹೊಸಬರ ಕೈ ಮರಗಟ್ಟುವಷ್ಟು ಹೊತ್ತಿನಲ್ಲಿ ಅವರ ಕೈಗೆ ರಕ್ತ ಮರಳಿ ಬಂದಿರುತ್ತದೆ.

ಸೆಕೆಗಾಲದಲ್ಲಿ ಇದರ ಉಲ್ಟಾ. ಮೇ ತಿಂಗಳಲ್ಲಿ ಕರಾವಳಿಯ ಗಾಳಿಯೇ ಒದ್ದೆ, ಬೆವರು ಸುರಿಯುತ್ತದೆ ಆದರೆ ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ, ತಣಿಯದಿದ್ದರೆ ಚರ್ಮ ಇನ್ನಷ್ಟು ರಕ್ತ ಎಳೆದುಕೊಳ್ಳುತ್ತಲೇ ಇರುತ್ತದೆ. ಮಾಮೂಲಿಯಾಗಿ ಅರ್ಧ ಲೀಟರೂ ಬೇಡದ ಚರ್ಮಕ್ಕೆ ವಿಪರೀತ ಬಿಸಿಯಲ್ಲಿ ನಿಮಿಷಕ್ಕೆ 6ರಿಂದ 8 ಲೀಟರಿನವರೆಗೆ ಹೋಗಬಹುದು. ಅದರ ಮೇಲೆ ಬೆವರಿ ನೀರೂ ಕಡಿಮೆ. ಬಿಪಿ ಗುಳಿಗೆ ತಗೊಳ್ಳುವ ಹಿರಿಯರಿಗೆ ಬೇಸಿಗೆಯಲ್ಲಿ ತಲೆ ತಿರುಗುವುದು ಇದಕ್ಕೇ. ಘಟ್ಟದ ಮೇಲೆ ಚಳಿಗಾಲದಲ್ಲೂ ಇದೇ ಆಗುತ್ತದೆ, ಬಚ್ಚಲುಮನೆಯಲ್ಲಿ. ಹಂಡೆಯ ಸುಡುನೀರು ಹೊಯ್ದುಕೊಂಡು ಚರ್ಮದ ನಾಳಗಳೆಲ್ಲ ತೆರೆದಿರುವಾಗ ಮಣೆಯಿಂದ ತಟ್ಟನೆ ಎದ್ದರೆ ಕಾಲಿಗಿಳಿದ ರಕ್ತವನ್ನು ಮೇಲೆತ್ತಲು ಬಿಗಿಯಬೇಕಾದ ಉಂಗುರಗಳು ಬಿಗಿಯುವುದಿಲ್ಲ. ಅಜ್ಜ-ಅಜ್ಜಿ ಮಿಂದಾದ ಮೇಲೆ ಒಂದೆರಡು ನಿಮಿಷ ಕೂತೇ ಮೈ ಒರೆಸಿಕೊಂಡು ಆಮೇಲೆ ಏಳಲಿ.

ನಮ್ಮ ಕಡೆಯ ಕವಳಕ್ಕೂ (ಎಲೆ-ಅಡಿಕೆ) ಇದರಲ್ಲಿ ಜಾಗ ಇದೆ. ಅಭ್ಯಾಸ ಇಲ್ಲದವರು ಹಸಿ ಅಡಿಕೆ ಹಾಕಿದರೆ ಸೊಕ್ಕುತ್ತದೆ: ಮುಖ ಬಿಸಿ, ಹಣೆ ಬೆವರು, ತಲೆ ಗಿರ್ರ್. ಅಡಿಕೆಯ ಅರೆಕೊಲಿನ್, ಫರ್ಚ್‌ಗಾಟ್ ಬಳಸಿದ ಅಸಿಟೈಲ್‌ಕೋಲಿನ್ ಹಿಡಿಯುವ ಜಾಗವನ್ನೇ ಹೋಗಿ ಹಿಡಿಯುತ್ತದೆ. ಜೊತೆಗೆ ತಂಬಾಕು ಸೇರಿದರೆ ಕಥೆ ಬೇರೆ. ನಿಕೋಟಿನ್ ಸಿಂಪಥೆಟಿಕ್ ನರವನ್ನು ಕೆಣಕಿ ಚರ್ಮದ ನಾಳ ಬಿಗಿಸುತ್ತದೆ, ಬಡಿತ ಮತ್ತು ಬಿಪಿ ಏರಿಸುತ್ತದೆ.

ಇನ್ನು ಗುಳಿಗೆಗಳು. ಆಮ್ಲೋಡಿಪಿನ್ ಎಷ್ಟೋ ಮನೆಗಳಲ್ಲಿ ಇದೆ. ಸ್ನಾಯುಕೋಶಕ್ಕೆ ಕ್ಯಾಲ್ಸಿಯಂ ಹೋಗುವ ಬಾಗಿಲನ್ನು ಅದು ಮುಚ್ಚುತ್ತದೆ, ಕಿರುಧಮನಿ ಸಡಿಲ, ಬಿಪಿ ಇಳಿಯುತ್ತದೆ. ಆದರೆ ಸಿರೆಗಳನ್ನು ಅದು ಅಷ್ಟಾಗಿ ಸಡಿಲಿಸುವುದಿಲ್ಲ. ಬರುವ ದಾರಿ ಅಗಲ, ಹೋಗುವ ದಾರಿ ಮೊದಲಿನಷ್ಟೇ. ನಡುವಿನ ಲೋಮನಾಳದಲ್ಲಿ ಒತ್ತಡ ಹೆಚ್ಚಿ ನೀರಿನಂಶ ಹೊರಗೆ ಜಿನುಗುತ್ತದೆ. ಸಂಜೆಗೆ ಕಾಲುಗಂಟು ಊದಿ ಚಪ್ಪಲಿ ಬಿಗಿಯಾಗುವುದು ಅದರಿಂದ. ಇದು ಮೈಯಲ್ಲಿ ನೀರು ಹೆಚ್ಚಾದ ಊತ ಅಲ್ಲ, ಅದಕ್ಕೇ ಮೂತ್ರ ಹೆಚ್ಚಿಸುವ ಗುಳಿಗೆಗೆ ಇದು ಅಷ್ಟು ಜಗ್ಗುವುದಿಲ್ಲ. ಸಿರೆಯನ್ನೂ ಸಡಿಲಿಸುವ ಇನ್ನೊಂದು ಬಗೆಯ ಬಿಪಿ ಗುಳಿಗೆ ಜೊತೆಗೆ ಕೊಟ್ಟಾಗ ಊತ ಇಳಿಯುವುದುಂಟು. ಹೃದಯ, ಮೂತ್ರಪಿಂಡದ ತೊಂದರೆಯಿಂದಲೂ ಕಾಲು ಊದುವುದರಿಂದ ಡಾಕ್ಟರಿಗೆ ತೋರಿಸಲೇಬೇಕು. ಗುಳಿಗೆಯನ್ನು ತಾವೇ ನಿಲ್ಲಿಸಬಾರದು.

ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಗುಳಿಗೆ ನೈಟ್ರೇಟ್ ಜಾತಿಯದು. ಅದು ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಮುಖ್ಯವಾಗಿ ಸಿರೆಗಳು ಹಿಗ್ಗಿ ರಕ್ತ ಅಲ್ಲೇ ನಿಲ್ಲುತ್ತದೆ, ಹೃದಯದ ಹೊರೆ ಇಳಿಯುತ್ತದೆ. ಡೈನಮೈಟಿನಲ್ಲಿರುವ ನೈಟ್ರೋಗ್ಲಿಸರಿನ್ ಇದೇ ಜಾತಿಯದು. ಡೈನಮೈಟ್ ಮಾಡಿದ ಆಲ್ಫ್ರೆಡ್ ನೊಬೆಲ್‌ಗೇ ಕೊನೆಗಾಲದಲ್ಲಿ ಡಾಕ್ಟರುಗಳು ಹೃದಯಕ್ಕೆ ಇದನ್ನು ಬರೆದುಕೊಟ್ಟಿದ್ದರು. ನೈಟ್ರಿಕ್ ಆಕ್ಸೈಡ್ ಸ್ನಾಯುಕೋಶದೊಳಗೆ ಒಂದು ಸಂದೇಶದ ವಸ್ತುವನ್ನು ಮಾಡಿಸುತ್ತದೆ, ಸಡಿಲಗೊಳಿಸುವುದು ಆ ವಸ್ತು. ವಯಾಗ್ರದಂಥ ಗುಳಿಗೆಗಳು ಅದೇ ವಸ್ತು ಒಡೆಯದಂತೆ ತಡೆಯುತ್ತವೆ. ಒಂದು ತಯಾರಿಕೆಯನ್ನು ಹೆಚ್ಚಿಸುತ್ತದೆ, ಇನ್ನೊಂದು ಖರ್ಚಾಗದಂತೆ ಹಿಡಿಯುತ್ತದೆ. ಎರಡೂ ಸೇರಿದರೆ ಒತ್ತಡ ಪ್ರಾಣಕ್ಕೆ ಅಪಾಯವಾಗುವಷ್ಟು ಕುಸಿಯಬಹುದು. ಎದೆನೋವು ಅಂತ ಆಸ್ಪತ್ರೆಗೆ ಹೋದವರು ಹಿಂದಿನ ಎರಡು ದಿನದಲ್ಲಿ ಅಂಥ ಗುಳಿಗೆ ತಗೊಂಡಿದ್ದರೆ, ಮನೆಯವರು ಪಕ್ಕದಲ್ಲಿದ್ದಾರೆ ಅಂತ ಸಂಕೋಚಪಡದೆ, ನಾಲಿಗೆ ಕೆಳಗೆ ಗುಳಿಗೆ ಇಡುವ ಮೊದಲೇ ಅದನ್ನು ಹೇಳಿಬಿಡಬೇಕು.